ಹಿತ್ತಲ ಗಲ್ಲಿಯ ನಕಾಶೆ

ಹಾಸ್ಟೆಲ್ ಗೆಳೆಯರೇ,

ನಮ್ಮ ಅಗರಖೇಡ ಭೀಮಾ ದಂಡಿಯ ಊರು. ಇಂಡಿ, ಸಿಂದಗಿ ಸೀಮೆಯ ಹಳ್ಳಿಗಳಲ್ಲಿ ಕೇರಿ ಎಲ್ಲಿ ಅಂತ ಕೇಳಬೇಕಾಗಿಲ್ಲ. ಊರು ಮುಗಿದಲ್ಲಿ ಕೇರಿ. ಇದು ಮನುವಿನ ನಕಾಶೆ. ಪಟ್ಟಣಕ್ಕೆ ಹೋದರೆ ಈ ಗೆರೆ ಅಳಿಸ್ತದ ಅಂತ ನಂಬಿ ನಾವು ಟ್ರಂಕು ಹೊತ್ತು ಬಂದೆವು. ಪಟ್ಟಣದ ನಕಾಶೆಯನ್ನೂ ಒಮ್ಮೆ ಓದೋಣ ಬರ್ರಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಗಾಳಿ ಬೆಳಕಿನ ಹೊಸ ಬಡಾವಣೆಗಳು ಬೆಳೆದವು: ಬಸವನಗುಡಿ, ಮಲ್ಲೇಶ್ವರ. ಮನೆ ಮುಂದೆ ಅಗಲ ರಸ್ತೆ, ಹಿಂದೆ ಸಣ್ಣ ಗಲ್ಲಿ. ಅದರ ಹೆಸರು ಕನ್ಸರ್ವೆನ್ಸಿ ಗಲ್ಲಿ. ಯಜಮಾನನ ಹೇಲು ಬಳಿಯಲು ಬಂದವನು ಮುಂಬಾಗಿಲಲ್ಲಿ ಕಾಣಬಾರದಲ್ಲ! ಇಂಜಿನಿಯರು ಅಸ್ಪೃಶ್ಯತೆಗೆ ಅಡಿ-ಇಂಚಿನ ಅಳತೆ ಕೊಟ್ಟ.

ಇದು ನಮ್ಮ ದೇಶಕ್ಕಷ್ಟೇ ನಿಲ್ಲಲಿಲ್ಲ. ಬಿಳಿಯರು ರೈಲಿನ ಡಿಪೋ ಅಂತ 1899ರಲ್ಲಿ ಹುಟ್ಟಿಸಿದ ಊರು ಆಫ್ರಿಕಾದ ನೈರೋಬಿ. 1902ರಲ್ಲಿ ಅಲ್ಲಿಗೆ ಪ್ಲೇಗು ಬಂದಾಗ ಇಂಡಿಯನ್ ಬಜಾರನ್ನೇ ಸುಟ್ಟರು. ಹಿಂದೆ ಕಲ್ಕತ್ತೆಯಲ್ಲಿ ಆರೋಗ್ಯಾಧಿಕಾರಿಯಾಗಿದ್ದ ಸಿಂಪ್ಸನ್ 1913ರಲ್ಲಿ ಅಲ್ಲಿಗೆ ಹೋಗಿ, ಬಿಳಿಯರು, ಏಷ್ಯದವರು, ಕರಿಯರು ಬೇರೆ ಬೇರೆ ಇರಬೇಕೆಂದ. ಆರೋಗ್ಯಕ್ಕಂತೆ! ರೋಗ ತಂದದ್ದು ಇಲಿ, ಶಿಕ್ಷೆ ಬಡವನಿಗೆ. ಕೆನ್ಯಾ 1963ರಲ್ಲಿ ಸ್ವತಂತ್ರವಾಯಿತು. ಕಿಬೇರಾದ ಗುಡಿಸಲುಗಳ ನಡುವೆ ಇಂದಿಗೂ ಚರಂಡಿ ಬಯಲಲ್ಲೇ ಹರಿಯುತ್ತದೆ.

ನಮ್ಮ ಸ್ವಾತಂತ್ರ್ಯ ಏನು ಮಾಡಿತು? ಅರಸು ಸರಕಾರದ ಮಂತ್ರಿ ಬಸವಲಿಂಗಪ್ಪನವರು ತಲಿ ಮ್ಯಾಲೆ ಮಲ ಹೊರೋದನ್ನ ನಿಷೇಧಿಸಿದರು. 1973ರಲ್ಲಿ 'ಬೂಸಾ' ಎಂದ ಒಂದು ಮಾತಿಗೆ ಗದ್ದಲ ಎಬ್ಬಿಸಿ ಅವರ ಕುರ್ಚಿ ಕಸಿದರು. 1993ರಲ್ಲಿ ಮಲ ಹೊರುವುದರ ವಿರುದ್ಧ ಕಾಯ್ದೆ ಬಂತು. ಆಮೇಲೂ, 2010ರ ಜುಲೈನಲ್ಲಿ, ಸವಣೂರಿನ ಭಂಗಿ ಬಂಧುಗಳು ಪುರಸಭೆ ಮುಂದೆ ನಿಂತು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಊರಿನ ಹೊಲಸು ತೆಗೆದವರಿಗೆ, ಇದ್ದ ಜಾಗವನ್ನೂ ಖಾಲಿ ಮಾಡಿ ಅಂದಿದ್ದರು! 2013ರಲ್ಲಿ ಮತ್ತೊಂದು ಕಾಯ್ದೆ.

ಈಗೆಲ್ಲಾ ಫ್ಲಶ್ ಬಂದದ, ಸಮಸ್ಯೆ ಮುಗೀತು ಅಂತ ನಮ್ಮವರೇ ಕೆಲವರು ಅಂತಾರ. ಮುಗಿದಿಲ್ಲ, ಗೆಳೆಯರೇ. ಹಿತ್ತಲ ಗಲ್ಲಿ ನೆಲದಡಿ ಇಳಿದದ. ಅದರ ಹೆಸರು ಮ್ಯಾನ್‌ಹೋಲ್. ಅದರೊಳಗೆ ಸತ್ತವನ ಮನೆಗೆ 10 ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ 30 ಲಕ್ಷ ಎಂದಿತು. ಹೆಣದ ಬೆಲೆ ಏರಿತು, ಇಳಿಸೋದು ಮಾತ್ರ ನಿಂತಿಲ್ಲ.

ಪದವಿ ಪಡೆದು ಮುಂದಿನ ರಸ್ತೆಯಲ್ಲಿ ಮನೆ ಕಟ್ಟೋದಷ್ಟೇ ನಮ್ಮ ಕನಸಾದರೆ, ಹಿತ್ತಲ ಗಲ್ಲಿಗೆ ನಾವೂ ಒಬ್ಬ ಯಜಮಾನರಾಗತೀವಿ. ನಿಮ್ಮ ಪುರಸಭೆಗೆ ಹೋಗಿ ನಕಾಶೆ ಕೇಳಿ. ಚರಂಡಿ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಪೌರಕಾರ್ಮಿಕರ ಮನೆಗಳು ಎಲ್ಲಿವೆ? ಎರಡಕ್ಕೂ ಒಂದೇ ಉತ್ತರ ಬಂದರೆ, ಅಲ್ಲಿಂದಲೇ ನಮ್ಮ ಹೋರಾಟ.

ಜೈ ಭೀಮ್.