ಬೆವರು ಹೀರದ ಬಟ್ಟೆಗೆ ಮದ್ದಿದೆ, ನಮ್ಮ ಅಂಗಡಿಗೆ ಬಂದಿಲ್ಲ

ಕಳೆ ತೆಗೆಯುವ ಹೊಲದಲ್ಲಿ ನಮ್ಮ ಅವ್ವಂದಿರು ಸೆರಗಿನಿಂದ ಮುಖ ಒರೆಸಿಕೊಳ್ಳುವುದನ್ನು ನೋಡಿದ್ದೀರಲ್ಲ? ಸೀರೆ ಪಾಲಿಯೆಸ್ಟರ್ ಆಗಿದ್ದರೆ ಬೆವರು ಹೋಗುವುದಿಲ್ಲ, ಹಣೆಯಿಂದ ಕೆನ್ನೆಗೆ ಸರಿಯುತ್ತದೆ ಅಷ್ಟೆ. ಅದಕ್ಕೇ ಅವರ ಹೆಗಲ ಮೇಲೆ ಒಂದು ಹತ್ತಿ ಟವೆಲ್ ಇರುತ್ತದೆ. "ಈ ಸೀರಿ ಬೆವರು ಹೀರಂಗಿಲ್ಲ, ಮೈಗೆ ಅಂಟ್ಕೊಂಡು ಕುಂದರತದ" ಅನ್ನುತ್ತಾರೆ. ಆದರೂ ಮುಂದಿನ ಹಬ್ಬಕ್ಕೆ ಅದೇ ಸೀರೆ ಕೊಳ್ಳುತ್ತಾರೆ. ಅಗ್ಗ, ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ವರ್ಷಗಟ್ಟಲೆ ಹರಿಯುವುದಿಲ್ಲ. ಅವರ ಲೆಕ್ಕ ತಪ್ಪಲ್ಲ.

ನಮ್ಮ ಬಳಗದ ಬಹುಪಾಲು ಜನ ಟೆರಿಕಾಟ್ ಸಮವಸ್ತ್ರದಲ್ಲೇ ಶಾಲೆ ಮುಗಿಸಿದವರು. ಹಾಗಾಗಿ "ಎಲ್ಲರೂ ಹತ್ತಿ ಬಟ್ಟೆ ಹಾಕಿ" ಎಂದು ಉಪದೇಶ ಮಾಡಲು ನಮಗೆ ಬಾಯಿ ಬರುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಅಗ್ಗದ ಬಟ್ಟೆಯೂ ನೀರಿಗೆ ಒಗ್ಗುವಂತೆ ಮಾಡುವ ವಿದ್ಯೆ ಇರುವಾಗ, ಅದು ಆಟಗಾರರ ಟೀ ಶರ್ಟಿಗೆ ಮಾತ್ರ ಯಾಕೆ?

ಮೊದಲು ತೊಂದರೆ ಏನೆಂದು ನೋಡೋಣ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನ ತಜ್ಞರು ಟೆರಿಲಿನ್ ಎಳೆ ಕಂಡುಹಿಡಿದರು. ಟೆರಿಕಾಟ್‌ನ 'ಟೆರಿ' ಅದರದೇ ತುಂಡು. ಸಾಮಾನ್ಯ ಹವೆಯಲ್ಲಿ ನೂರು ಗ್ರಾಂ ಹತ್ತಿ ಗಾಳಿಯಿಂದಲೇ ಏಳೆಂಟು ಗ್ರಾಂ ತೇವ ಹಿಡಿದುಕೊಳ್ಳುತ್ತದೆ. ನೈಲಾನ್ ನಾಲ್ಕು ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಹತ್ತಿಯ ಎಳೆಯಲ್ಲಿ ನೀರನ್ನು ಹಿಡಿದು ನಿಲ್ಲಿಸುವ ಕೊಕ್ಕೆಗಳಂಥ ರಚನೆ ತುಂಬಾ ಇದೆ. ಪಾಲಿಯೆಸ್ಟರ್‌ನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಎಳೆಯೂ ಬಿಗಿ.

ನೀರಿಗೆ ಬಾಗಿಲು ಹಾಕಿದ ಎಳೆ ಬಣ್ಣಕ್ಕೂ ಬಾಗಿಲು ಹಾಕುತ್ತದೆ. ನೇಕಾರರ ಮನೆಯ ಹಂಡೆಯಲ್ಲಿ ನೀರು ನೂರು ಡಿಗ್ರಿಗೆ ಕುದಿಯುತ್ತದೆ, ಹತ್ತಿಗೆ ಅಷ್ಟು ಸಾಕು. ಪಾಲಿಯೆಸ್ಟರ್‌ಗೆ ಗಾಢ ಬಣ್ಣ ಕೂರಬೇಕಾದರೆ ಸಾಮಾನ್ಯವಾಗಿ ಬೇರೆ ಜಾತಿಯ ಬಣ್ಣ ಬೇಕು, ಪ್ರೆಶರ್ ಕುಕ್ಕರಿನಂಥ ಮುಚ್ಚಿದ ಯಂತ್ರದಲ್ಲಿ 130 ಡಿಗ್ರಿ ಶಾಖ ಬೇಕು. ಅಂಥ ಯಂತ್ರ ಸಣ್ಣ ಬಣ್ಣಗಾರನ ಕೈಗೆ ಎಟುಕುವುದಿಲ್ಲ. ಕೆಲಸ ದೊಡ್ಡ ಕಾರ್ಖಾನೆಗೆ ಹೋಗುತ್ತದೆ.

ಇದಕ್ಕೆ ಮದ್ದು ಒಂದಲ್ಲ, ಹಲವು. ಹಳೆಯದು ಕಾಸ್ಟಿಕ್ ಸೋಡಾ. ಬಿಸಿ ದ್ರಾವಣದಲ್ಲಿ ಬಟ್ಟೆ ಅದ್ದಿದರೆ ಎಳೆಯ ಮೇಲ್ಮೈ ತುಸುತುಸು ಕರಗಿ, ನೀರು ಹಿಡಿಯುವ ಕೊಕ್ಕೆಗಳು ಹೊರಗೆ ಕಾಣಿಸಿಕೊಳ್ಳುತ್ತವೆ. ಎಳೆ ತೆಳುವಾಗಿ ಬಟ್ಟೆ ರೇಷ್ಮೆಯ ಹಾಗೆ ಮೆದುವಾಗುತ್ತದೆ. ಎರಡನೆಯದು ಎಳೆ ತಯಾರಿಸುವಾಗಲೇ ಬಣ್ಣ ಹಿಡಿಯುವ ಅಂಶವನ್ನು ಬೆರೆಸುವುದು. ಇದರಲ್ಲಿ ಪ್ರೆಶರ್ ಇಲ್ಲದೆ ಕುದಿಯುವ ನೀರಿನಲ್ಲೇ ಬಣ್ಣ ಕುಡಿಯುವ ಬಗೆಯೂ ಇದೆ. ಮೂರನೆಯದು ಮೇಲಿನಿಂದ ನೀರುಪ್ರಿಯ ಲೇಪ ಕೊಡುವುದು. ಕಿಣ್ವಗಳಿಂದ ಮೇಲ್ಮೈ ಬದಲಿಸುವ, ನೀರೇ ಬಳಸದೆ ಪ್ಲಾಸ್ಮಾದಿಂದ ಬದಲಿಸುವ ದಾರಿಗಳೂ ಇವೆ.

ಒಂದು ಮಾತು ನೇರವಾಗಿ ಹೇಳಬೇಕು. ಇಂಥ ಮೇಲ್ಮೈ ಚಿಕಿತ್ಸೆಯಿಂದ ಪಾಲಿಯೆಸ್ಟರ್ ಹತ್ತಿಯಾಗುವುದಿಲ್ಲ. ಎಳೆಯ ಒಳಗೆ ನೀರು ಹೋಗುವುದಿಲ್ಲ. ಮೇಲ್ಮೈ ಮೇಲೆ ಬೆವರು ಹರಡಿಕೊಂಡು ಬೇಗ ಆರುತ್ತದೆ. ಬಿಸಿಲಲ್ಲಿ ದುಡಿಯುವವರಿಗೆ ಅದೇ ದೊಡ್ಡ ಉಪಕಾರ. ಆದರೆ ಅಗ್ಗದ ಲೇಪ ಕೆಲವೇ ಒಗೆತಕ್ಕೆ ಕೊಚ್ಚಿ ಹೋಗಬಹುದು. ಬಟ್ಟೆಯನ್ನು ಕಲ್ಲಿಗೆ ಬಡಿದು ಒಗೆಯುವ ನಮ್ಮ ಊರುಗಳಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ.

ಇನ್ನೊಂದು ಪ್ರಶ್ನೆ ನೀರಿನದು. ಕಾಸ್ಟಿಕ್ ಕರಗಿಸಿದ ಪಾಲಿಯೆಸ್ಟರ್ ಎಲ್ಲಿ ಹೋಯಿತು? ಆ ತೊಟ್ಟಿಯ ನೀರಿನಲ್ಲೇ ಇದೆ. ಹತ್ತಿಯೂ ಪರಿಶುದ್ಧವೇನಲ್ಲ. ಅದಕ್ಕೆ ಬಣ್ಣ ಹಾಕಲು ಉಪ್ಪು ರಾಶಿ ರಾಶಿ ಬೇಕು. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ನೀರು ನೊಯ್ಯಲ್ ನದಿಯನ್ನೂ ಕೆಳಗಿನ ರೈತರ ಹೊಲಗಳನ್ನೂ ಕೆಡಿಸಿ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಲು ಆದೇಶಿಸಬೇಕಾಯಿತು. ನಮ್ಮ ಮೈ ತಂಪಾಗಲೆಂದು ಇನ್ನೊಬ್ಬ ರೈತನ ಬಾವಿ ಕೆಡುವುದಾದರೆ ಅಂಥ ಮದ್ದು ನಮಗೆ ಬೇಡ. ಬಳಸಿದ ಕಾಸ್ಟಿಕ್ಕನ್ನು ಮತ್ತೆ ಬಳಸುವ, ನೀರು ಶುದ್ಧಮಾಡುವ ಖರ್ಚು ಬಟ್ಟೆಯ ಬೆಲೆಯಲ್ಲೇ ಸೇರಲಿ. ನಾಲ್ಕು ರೂಪಾಯಿ ಹೆಚ್ಚಾದರೆ ಆಗಲಿ.

ಹಾಗಾದರೆ ನಾವು ಕೇಳುವುದೇನು? ಮಕ್ಕಳ ಸಮವಸ್ತ್ರಕ್ಕೆ ಬಟ್ಟೆ ಕೊಳ್ಳುವವರು ಬಣ್ಣ, ಅಳತೆ, ಬೆಲೆ ನೋಡಿದರೆ ಸಾಲದು. ಇಪ್ಪತ್ತು ಸಲ ಒಗೆದ ಮೇಲೂ ಆ ಬಟ್ಟೆ ನೀರು ಹೀರುತ್ತದೆಯೇ ಎಂಬುದು ಖರೀದಿಯ ಷರತ್ತಾಗಬೇಕು. ಮಿಶ್ರ ಬಟ್ಟೆಯ ಮೇಲೆ ಯಾವ ನೂಲು ಶೇಕಡಾ ಎಷ್ಟು ಎಂದು ಮುದ್ರಿಸಬೇಕೆಂಬ ನಿಯಮ 1988ರಲ್ಲೇ ಬಂದಿತ್ತು. ಸಂತೆಯಲ್ಲಿ ಅದನ್ನು ಕೇಳುವವರಿಲ್ಲ. ನಾವು ಕೇಳೋಣ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಹೊಸ ಬಟ್ಟೆಯ ತುಂಡೊಂದನ್ನು ಒಂದು ಲೋಟದ ಬಾಯಿಗೆ ಬಿಗಿಯಾಗಿ ಕಟ್ಟಿ, ಬೆರಳ ತುದಿಯಿಂದ ಒಂದು ಹನಿ ನೀರು ಬಿಡಿ. ಹನಿ ಮುತ್ತಿನಂತೆ ಕೂತರೆ ಬಟ್ಟೆ ಬೆವರಿಗೆ ಒಗ್ಗದು. ಎಣಿಸುವಷ್ಟರಲ್ಲಿ ಹರಡಿ ಹೊಳಪು ಮಾಯವಾದರೆ ಒಗ್ಗುತ್ತದೆ. ಅದೇ ತುಂಡನ್ನು ಹತ್ತಿಪ್ಪತ್ತು ಸಲ ಒಗೆದು ಮತ್ತೆ ನೋಡಿ. ಹೊಸತರಲ್ಲಿ ಹರಡಿದ ಹನಿ ಈಗ ಮುತ್ತಾಗಿ ನಿಂತರೆ, ನಿಮಗೆ ಮಾರಿದ್ದು ಲೇಪ ಮಾತ್ರ.

ಮುಂದಿನ ಎಸ್‌ಡಿಎಂಸಿ ಸಭೆಗೆ ಒಂದು ಲೋಟ ನೀರು, ಮಗುವಿನ ಹಳೆ ಅಂಗಿ ತೆಗೆದುಕೊಂಡು ಹೋಗಿ. ಎಲ್ಲರೆದುರು ಒಂದು ಹನಿ ಬಿಡಿ. ವಿಜ್ಞಾನದ ಭಾಷಣ ಬೇಕಿಲ್ಲ. ಆ ಹನಿ ಏನು ಮಾಡಿತು ಎಂಬುದನ್ನು ಎಲ್ಲರೂ ಕಣ್ಣಾರೆ ನೋಡುತ್ತಾರೆ.