ಬೆಳಕಿನ ರಂಗವಲ್ಲಿ

ಈ ತಿಂಗಳು ನಾವು ವಾಚಕರ ಮುಂದೆ ಒಂದು ತಪ್ಪೊಪ್ಪಿಗೆಯೊಡನೆ ಬರಬೇಕಾಗಿದೆ. ಹಬ್ಬಕ್ಕೆಂದು ವರ್ತೂರಿನ ನಮ್ಮ ಮನೆಯ ಅಟ್ಟವನ್ನು ಗುಡಿಸಿದಾಗ, ನಮ್ಮ ಅಣ್ಣನವರು ರೇಡಿಯೋ ರಿಪೇರಿಗೆ ಬಳಸುತ್ತಿದ್ದ ಆಸಿಲೋಸ್ಕೋಪ್ ಎಂಬ ಯಂತ್ರವು ಧೂಳು ಹಿಡಿದು ಕುಳಿತಿದ್ದಿತು. ಗಾಜಿನ ಮುಖದ ಮೇಲೆ ಹಸಿರು ಗೆರೆಯೊಂದನ್ನು ಕುಣಿಸುವ ಯಂತ್ರವದು. ಗುಜರಿಯವನು ಬಾಗಿಲಿಗೆ ಬಂದನು. ನಾವು ಅದನ್ನು ತೂಕಕ್ಕೆ ಹಾಕಿದೆವು. ಸಾಯಂಕಾಲ ಕಾಲೇಜಿನಿಂದ ಬಂದ ಅಣ್ಣನ ಮಗನು ಸಂಗತಿಯನ್ನು ಕೇಳಿ ಊಟವನ್ನೇ ಬಿಟ್ಟನು. ಅದರ ಮೇಲೆ ಹಳೆಯ ಆಟವೊಂದನ್ನು ಆಡಿಸಿ ನಮಗೆಲ್ಲ ತೋರಿಸಬೇಕೆಂದು ಅವನು ಬಹುದಿನದಿಂದ ಆಲೋಚಿಸಿದ್ದನಂತೆ. ಒಂದು ಆಟಕ್ಕಾಗಿ ಇಷ್ಟು ದುಃಖವೇ ಎಂದು ನಾವು ನಕ್ಕೆವು. ಅವನು ವಿವರಿಸಿದ ಮೇಲೆ ನಮ್ಮ ನಗು ನಿಂತಿತು.

ಆ ಆಟದ ಹೆಸರು ಆಸ್ಟರಾಯ್ಡ್ಸ್; ಕ್ಷುದ್ರಗ್ರಹಗಳು ಎಂದರ್ಥ. ಅಮೆರಿಕದ ಅಟಾರಿ ಕಂಪನಿಯು ಅದನ್ನು 1979ರ ನವೆಂಬರಿನಲ್ಲಿ ಹೊರತಂದಿತು. ಲೈಲ್ ರೇನ್ಸ್ ಮತ್ತು ಎಡ್ ಲಾಗ್ ಎಂಬಿಬ್ಬರು ಅದರ ರಚಕರು. ಆಳೆತ್ತರದ ಪೆಟ್ಟಿಗೆಯ ಮುಂದೆ ನಿಂತು, ನಾಣ್ಯವನ್ನು ಹಾಕಿ ಆಡತಕ್ಕದ್ದು. ಕತ್ತಲೆಯ ನಡುವೆ ಒಂದು ಪುಟ್ಟ ತ್ರಿಕೋಣದ ನೌಕೆ. ಸುತ್ತಲೂ ತೇಲಿಬರುವ ಬಂಡೆಗಳು. ದೊಡ್ಡ ಬಂಡೆಗೆ ಗುಂಡು ತಗುಲಿದರೆ ಅದು ಎರಡಾಗುವುದು. ಅವೂ ಒಡೆದರೆ ಮತ್ತೆ ಎರಡೆರಡಾಗುವುವು. ದೊಡ್ಡದಕ್ಕೆ 20 ಅಂಕ, ನಡುವಣದಕ್ಕೆ 50, ಚಿಕ್ಕದಕ್ಕೆ 100. ಆತುರದಿಂದ ಎಲ್ಲವನ್ನೂ ಒಡೆದವನು ತಾನೇ ಮಾಡಿದ ಚೂರುಗಳ ನಡುವೆ ಸಿಕ್ಕಿಬೀಳುವನು. ಎದೆಬಡಿತದಂತಹ ಎರಡು ಸ್ವರಗಳು ಕ್ರಮವಾಗಿ ಚುರುಕಾಗುತ್ತ ಅವನನ್ನು ಇನ್ನಷ್ಟು ಕಂಗೆಡಿಸುವುವು. ಇಂತಹ ಪೆಟ್ಟಿಗೆಗಳು 70,000ಕ್ಕೂ ಹೆಚ್ಚಾಗಿ ಮಾರಾಟವಾದುವು.

ಇಷ್ಟೇ ಆಗಿದ್ದರೆ ನಾವು ಈ ಅಂಕಣವನ್ನು ಅದಕ್ಕೆ ಮೀಸಲಿಡುತ್ತಿರಲಿಲ್ಲ. ಕೌತುಕವಿರುವುದು ಆ ಚಿತ್ರವು ಮೂಡುವ ಬಗೆಯಲ್ಲಿ. ಹಳೆಯ ಟೆಲಿವಿಷನ್ನಿನ ಚಿತ್ರನಾಳಗಳನ್ನು ವಾಚಕರು ಕಂಡೇ ಇರುವರು. ನಮ್ಮ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಹಿಂದೆ ಕಪ್ಪುಬಿಳುಪಿನ ಚಿತ್ರನಾಳಗಳನ್ನು ತಯಾರಿಸುತ್ತಿದ್ದಿತು. ಅಂತಹ ನಾಳದಲ್ಲಿ ವಿದ್ಯುತ್ಕಣಗಳ ಕಿರಣವು ನೇಕಾರನ ಲಾಳಿಯಂತೆ ಅಡ್ಡಡ್ಡಲಾಗಿ, ಮೇಲಿನಿಂದ ಕೆಳಗಿನವರೆಗೆ ಸಾಲುಸಾಲಾಗಿ ಓಡುವುದು. ಚಿತ್ರವು ಎಷ್ಟೇ ಸಣ್ಣದಿರಲಿ, ಪರದೆಯಷ್ಟನ್ನೂ ನೇಯಲೇಬೇಕು.

ಆಸ್ಟರಾಯ್ಡ್ಸಿನ ನಾಳವೂ ಅದೇ ಜಾತಿಯದು. ಕಿರಣವನ್ನು ನಡೆಸುವ ರೀತಿ ಮಾತ್ರ ಬೇರೆ. ಅಲ್ಲಿ ಅದು ಅಂಗಳದಲ್ಲಿ ರಂಗವಲ್ಲಿಯನ್ನಿಡುವ ಬೆರಳಿನಂತೆ ಚಲಿಸುವುದು. ಗೆರೆ ಬೇಕಾದೆಡೆಯಲ್ಲಿ ಬೆಳಕನ್ನು ಸುರಿಸುತ್ತ ಹೋಗುವುದು. ಬೇಡವಾದೆಡೆಯಲ್ಲಿ ಬಿಗಿಹಿಡಿದು ಕತ್ತಲೆಯಲ್ಲಿಯೇ ಮುಂದಿನ ಚುಕ್ಕಿಗೆ ದಾಟುವುದು. 6502 ಎಂಬ ಚಿಪ್ಪು ಸೆಕೆಂಡಿಗೆ 15 ಲಕ್ಷ ಮಿಡಿತಗಳ ವೇಗದಲ್ಲಿ ಲೆಕ್ಕಹಾಕಿ, ಯಾವ ಬಂಡೆ ಎಲ್ಲಿದೆ, ನೌಕೆ ಯಾವ ದಿಕ್ಕಿಗೆ ತಿರುಗಿದೆ ಎಂಬುದರ ಪಟ್ಟಿಯನ್ನು ಬರೆದಿಡುವುದು. ವೆಕ್ಟರ್ ಜನರೇಟರ್ ಎಂಬ ಜೊತೆಗಾರ ಯಂತ್ರಭಾಗವು ಆ ಪಟ್ಟಿಯನ್ನು ಓದಿ ಗೆರೆಗಳನ್ನೆಳೆಯಿಸುವುದು. ಎಳೆದ ಗೆರೆಯು ಕ್ಷಣಮಾತ್ರದಲ್ಲಿ ಆರುವುದರಿಂದ ಸೆಕೆಂಡಿಗೆ ಸುಮಾರು 60 ಬಾರಿ ಹೊಸದಾಗಿ ಎಳೆಯಬೇಕು.

ಈ ಉಪಾಯದ ಹಿಂದೆ ಬಡತನವೂ ಇದ್ದಿತು. ಆ ಪರದೆಯಲ್ಲಿ ಅಡ್ಡಲಾಗಿ 1024, ಉದ್ದಕ್ಕೆ 768 ಸ್ಥಾನಗಳನ್ನು ಗುರುತಿಸಬಹುದಾಗಿದ್ದಿತು. ಅಷ್ಟು ಚುಕ್ಕಿಗಳನ್ನು ಒಂದೊಂದಾಗಿ ನೆನಪಿನಲ್ಲಿಡಬೇಕಾದರೆ, ಮನೆಗೆ ಎಂಟರಂತೆ ತುಂಬಿದರೂ 98,304 ಮನೆಗಳು ಬೇಕು. ಆ ಚಿಪ್ಪು ಎಣಿಸಬಲ್ಲ ಮನೆಗಳೋ ಒಟ್ಟು 65,536 ಮಾತ್ರ. ಆದಕಾರಣ ಬೇಕಾದ ಗೆರೆಗಳನ್ನಷ್ಟೇ ನೆನಪಿಟ್ಟು, ಉಳಿದುದನ್ನು ಕತ್ತಲೆಗೆ ಬಿಟ್ಟರು. ಆ ಮಿತವ್ಯಯದಿಂದಲೇ ಚಿತ್ರಕ್ಕೆ ಕಾಂತಿ ಬಂದಿತು. ಓರೆಗೆರೆಯಲ್ಲಿ ಮೆಟ್ಟಿಲುಗಳಿಲ್ಲ, ಕಿರಣವು ಒಂದೇ ಬಿಂದುವಿನಲ್ಲಿ ಕೊಂಚ ತಂಗುವುದರಿಂದ ಗುಂಡುಗಳು ಕಿಡಿಗಳಂತೆ ಹೊಳೆಯುವುವು. ಆದರೆ ಹೆಚ್ಚು ತಂಗಿದರೆ ಅಪಾಯ. ನಿಂತಲ್ಲೇ ನಿಂತ ಕಿರಣವು ಗಾಜಿನ ಒಳಮೈಯ ಲೇಪವನ್ನು ಸುಟ್ಟುಬಿಡುವುದು. ಚಲನೆ ನಿಂತೊಡನೆ ಕಿರಣವನ್ನು ಆರಿಸುವ ಕಾವಲಿನ ವ್ಯವಸ್ಥೆಯನ್ನೂ ಅದರಲ್ಲಿ ಇರಿಸಿದ್ದರು.

ಹುಡುಗನು ಅದೇ ಆಟವನ್ನು ತನ್ನ ಮೊಬೈಲಿನಲ್ಲಿ ತೋರಿಸಿದನು. ಬಂಡೆಗಳಿದ್ದುವು, ಅಂಕಗಳಿದ್ದುವು. "ಲೆಕ್ಕವನ್ನು ನಕಲು ಮಾಡಬಹುದು, ಚಿಕ್ಕಪ್ಪ, ಈ ಬೆಳಕು ಮಾತ್ರ ಆ ಬೆಳಕಲ್ಲ," ಎಂದನು. ಮೊಬೈಲಿನ ಪರದೆಯು ಗೆರೆಯನ್ನೂ ಸಣ್ಣ ಚೌಕಗಳಾಗಿ ಒಡೆದೇ ತೋರಿಸಬೇಕಷ್ಟೆ. ಆಸಿಲೋಸ್ಕೋಪಿನಲ್ಲಾದರೋ ಕಿರಣವನ್ನು ಅಡ್ಡಲಾಗಿ ಒಂದು ತಂತಿಯಿಂದ, ನೆಟ್ಟಗೆ ಇನ್ನೊಂದರಿಂದ ನಡೆಸಿ, ಆ ಗೆರೆಗಳನ್ನು ಗೆರೆಗಳಾಗಿಯೇ ಕಾಣಬಹುದು.

ಮರುದಿನ ಬೆಳಗ್ಗೆ ನಾವಿಬ್ಬರೂ ಗುಜರಿ ಅಂಗಡಿಗೆ ಹೋದೆವು. ತಾಮ್ರದ ಆಸೆಗೆ ಯಂತ್ರವನ್ನು ಬಿಚ್ಚಿ ಹಾಕಿದ್ದರು; ನಾಳದ ಕುತ್ತಿಗೆ ಮುರಿದಿದ್ದಿತು. ಹುಡುಗನು ಏನೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಸಮಾಧಾನವಾಗುತ್ತಿದ್ದಿತು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಇಂತಹ ಯಂತ್ರವು ಅಟ್ಟದಲ್ಲಿದ್ದರೆ ನೀವೇ ಬಿಚ್ಚಬೇಡಿರಿ: ನಾಳದೊಳಗೆ ನಿರ್ವಾತವಿರುವುದು, ಒಡೆದರೆ ಚೂರುಗಳು ಸಿಡಿಯುವುವು; ಪ್ಲಗ್ಗನ್ನು ಕಿತ್ತ ಮೇಲೆಯೂ ಒಳಗೆ ವಿದ್ಯುತ್ತು ಉಳಿದಿರಬಹುದು. ಬಿಸಾಡಲೇಬೇಕಾದರೆ ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಕೊಡಿರಿ. ಅದಕ್ಕೂ ಮುನ್ನ ಮನೆಯ ಮಕ್ಕಳನ್ನೊಮ್ಮೆ ಕೇಳಿರಿ. ನಾವು ಕೇಳಲಿಲ್ಲ.