ಶರೀಅತ್‌ನ ಹೆಸರಲ್ಲಿ ಮುಚ್ಚಿದ ಬಾಗಿಲು

ಅಫ್ಘಾನಿಸ್ತಾನದ ತಾಲಿಬಾನ್ ಆಡಳಿತವು 2024ರ ಡಿಸೆಂಬರ್‌ನಲ್ಲಿ ನರ್ಸಿಂಗ್ ಮತ್ತು ಹೆರಿಗೆ ಶುಶ್ರೂಷೆಯ ತರಗತಿಗಳಿಂದಲೂ ಹೆಣ್ಮಕ್ಕಳನ್ನು ಹೊರಹಾಕಿತು. ಅವರ ಪಾಲಿಗೆ ಉಳಿದಿದ್ದ ಕೊನೆಯ ಬಾಗಿಲುಗಳಲ್ಲಿ ಅದೂ ಒಂದಾಗಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಪ್ರೌಢಶಾಲೆಗಳು ಪುನರಾರಂಭವಾದಾಗ ಕರೆ ಬಂದುದು ಗಂಡುಮಕ್ಕಳಿಗೆ ಮಾತ್ರ. 2022ರ ಮಾರ್ಚ್ 23ರಂದು ಆಸೆಯಿಂದ ಶಾಲೆಗೆ ಬಂದ ಬಾಲಕಿಯರನ್ನು ಕೆಲವೇ ಗಂಟೆಗಳಲ್ಲಿ ಮನೆಗೆ ಕಳುಹಿಸಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳೂ ಅವರಿಗೆ ಮುಚ್ಚಿದವು. ಹೀಗೆ ಪ್ರೌಢಶಿಕ್ಷಣದಿಂದ ವಂಚಿತರಾದ ಬಾಲಕಿಯರ ಸಂಖ್ಯೆ ಕನಿಷ್ಠ 14 ಲಕ್ಷವೆಂದು 2024ರಲ್ಲಿ ಯುನೆಸ್ಕೋ ಅಂದಾಜಿಸಿತು.

ಇದೆಲ್ಲವೂ ನಡೆದಿರುವುದು ಶರೀಅತ್‌ನ ಹೆಸರಲ್ಲಿ. ಆದ್ದರಿಂದಲೇ ಇದನ್ನು ದೂರದ ದೇಶವೊಂದರ ಆಂತರಿಕ ವಿಷಯವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಈ ಆಡಳಿತದ ತರ್ಕವನ್ನೇ ಸ್ವಲ್ಪ ಪರಿಶೀಲಿಸೋಣ. ಮಹಿಳೆಯರಿಗೆ ಮಹಿಳೆಯರೇ ಚಿಕಿತ್ಸೆ ನೀಡಬೇಕೆಂಬುದು ಅದರ ನಿಲುವು. ಹಾಗಾದರೆ ನಾಳೆ ಆ ವೈದ್ಯೆಯರು, ದಾದಿಯರು ಎಲ್ಲಿಂದ ಬರಬೇಕು? ಬಾಣಂತಿಯರ ಮರಣ ಪ್ರಮಾಣ ಅತಿ ಹೆಚ್ಚಿರುವ ದೇಶಗಳಲ್ಲಿ ಅಫ್ಘಾನಿಸ್ತಾನವೂ ಒಂದು. ಅಂತಹ ನಾಡಿನಲ್ಲಿ ಲಜ್ಜೆಯ ರಕ್ಷಣೆಯ ನೆಪದಲ್ಲಿ ಹೆರಿಗೆ ಮಾಡಿಸಬಲ್ಲ ಕೈಗಳನ್ನೇ ಕಟ್ಟಿಹಾಕುವುದು ಯಾವ ಧರ್ಮನಿಷ್ಠೆ?

ಪ್ರವಾದಿ(ಸ)ಯವರ ಮೇಲೆ ಅವತೀರ್ಣವಾದ ಪ್ರಪ್ರಥಮ ಆದೇಶವೇ ಓದಿಗೆ ಸಂಬಂಧಿಸಿದ್ದು. ಅದರಲ್ಲಿ ಗಂಡು ಹೆಣ್ಣೆಂಬ ಭೇದವಿರಲಿಲ್ಲ. ಹ. ಆಯಿಶಾ(ರ)ರಿಂದ ವರದಿಯಾದ ಹದೀಸ್‌ಗಳು ಎರಡು ಸಾವಿರಕ್ಕೂ ಹೆಚ್ಚು. ಹಿರಿಯ ಸಹಾಬಿಗಳೇ ಅವರ ಬಳಿ ಸಂಶಯ ಪರಿಹರಿಸಿಕೊಳ್ಳುತ್ತಿದ್ದರು. ಹ. ಹಫ್ಸಾ(ರ)ರಿಗೆ ಬರೆಯಲು ಕಲಿಸಿದವರು ಹ. ಶಿಫಾ(ರ) ಎಂಬ ಮಹಿಳೆ. ಈ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವವರು ಹನ್ನೆರಡರ ಬಾಲೆಯ ಕೈಯಿಂದ ಪುಸ್ತಕ ಕಸಿದುಕೊಳ್ಳುವುದು ಎಂತಹ ವಿಪರ್ಯಾಸ!

ಇದು ಪಾಶ್ಚಾತ್ಯರ ಅಪಪ್ರಚಾರವೆಂದು ತಳ್ಳಿಹಾಕುವವರು ನಮ್ಮಲ್ಲಿದ್ದಾರೆ. 20 ವರ್ಷಗಳ ಕಾಲ ಆ ನೆಲದ ಮೇಲೆ ಯುದ್ಧ ನಡೆಸಿ, ಹೊರಡುವಾಗ ಅಲ್ಲಿನ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ತಡೆಹಿಡಿದ ಅಮೆರಿಕಕ್ಕೆ ಅಫ್ಘಾನ್ ಮಹಿಳೆಯರ ಪರವಾಗಿ ಕಣ್ಣೀರು ಸುರಿಸುವ ನೈತಿಕ ಹಕ್ಕು ಇಲ್ಲ, ನಿಜ. ಆದರೆ ಅವರ ಕಪಟದಿಂದ ಇವರ ಅನ್ಯಾಯ ನ್ಯಾಯವಾಗುವುದಿಲ್ಲ. ವಿಶ್ವವಿದ್ಯಾಲಯಗಳ ಮೇಲಿನ ನಿಷೇಧವು ಶರೀಅತ್‌ಗೆ ವಿರುದ್ಧವೆಂದು 2022ರಲ್ಲಿ ಸಾರಿದವರು ಅಲ್ ಅಝ್‌ಹರ್‌ನ ಶೈಖ್ ಅಹ್ಮದ್ ಅಲ್ ತಯ್ಯಿಬ್. 2025ರ ಜನವರಿಯಲ್ಲಿ, ಈ ನಿಷೇಧಕ್ಕೆ ಯಾವ ಸಮರ್ಥನೆಯೂ ಇಲ್ಲವೆಂದು ಬಹಿರಂಗವಾಗಿ ನುಡಿದವರು ತಾಲಿಬಾನ್‌ನದೇ ಉಪ ವಿದೇಶ ಸಚಿವರಾಗಿದ್ದ ಶೇರ್ ಅಬ್ಬಾಸ್ ಸ್ತಾನಿಕ್‌ಝಾಯಿ. ಇವರೂ ಪಾಶ್ಚಾತ್ಯರ ಏಜೆಂಟರೇ?

ನಾವು ಮಾತನಾಡಲೇಬೇಕಾದುದಕ್ಕೆ ಇನ್ನೊಂದು ಕಾರಣವಿದೆ. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ತರಗತಿಯಲ್ಲಿ ಹಿಜಾಬ್ ನಿರ್ಬಂಧವನ್ನು ಎತ್ತಿಹಿಡಿಯಿತು. ತಲೆಯ ಮೇಲಿನ ಬಟ್ಟೆಗಾಗಿ ನಮ್ಮ ಹೆಣ್ಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತರು. ಶಿಕ್ಷಣ ಅವರ ಹಕ್ಕೆಂದು ನಾವೆಲ್ಲರೂ ಒಕ್ಕೊರಲಿನಿಂದ ಹೇಳಿದೆವು. ಅದಾದ ಎಂಟೇ ದಿನಗಳಲ್ಲಿ, ತಲೆ ಮುಚ್ಚಿಕೊಂಡೇ ಬಂದಿದ್ದ ಕಾಬೂಲಿನ ಬಾಲಕಿಯರನ್ನು ಶಾಲೆಯಿಂದ ಮರಳಿಸಲಾಯಿತು. ಉಡುಪಿಯಲ್ಲಿ ಹಕ್ಕಾಗಿರುವುದು ಕಾಬೂಲಿನಲ್ಲಿ ಹಕ್ಕಲ್ಲವೇ? ಗೇಟು ಮುಚ್ಚಿದ ಕೈ ಯಾರದೆಂದು ನೋಡಿ ನಮ್ಮ ದನಿಯನ್ನು ಏರಿಳಿಸುವುದಾದರೆ, ನಾವು ಕೇಳುತ್ತಿದ್ದುದು ನ್ಯಾಯವಲ್ಲ, ಪಕ್ಷಪಾತ.

ನಮ್ಮ ಜುಮಾ ಖುತ್ಬಾಗಳಲ್ಲಿ, ಜಮಾಅತ್‌ನ ಸಭೆಗಳಲ್ಲಿ ಇದು ಅನ್ಯಾಯವೆಂದು ಉಲಮಾಗಳು ಸ್ಪಷ್ಟವಾಗಿ ಹೇಳಬೇಕು. ಜೊತೆಗೆ, ಅಂಕ ಚೆನ್ನಾಗಿದ್ದರೂ ಪಿಯುಸಿ ಮುಗಿಯುವ ಮುನ್ನವೇ ಮಗಳ ಓದು ನಿಲ್ಲಿಸಿ ವರನನ್ನು ಹುಡುಕಲು ಹೊರಡುವ ಹೆತ್ತವರೂ ಯೋಚಿಸಬೇಕು. ಆಕೆಯ ಓದನ್ನು ತಡೆಯಲು ಸರಕಾರದ ಆದೇಶವೇ ಬೇಕೆಂದಿಲ್ಲ. ಮನೆಯವರ ಒಂದು ಮಾತೇ ಸಾಕಾಗುತ್ತದೆ.